ಎರಡು ಕಿಲೋ ತುಂಬು

ಒಂದು ಯಂತ್ರ ಆಗುವುದಿಲ್ಲ ಎಂದು ಹೇಳುವುದಕ್ಕೆ ನಮಗೆ ಒಂಬತ್ತು ತಿಂಗಳು ಹಿಡಿಯಿತು. ಅದರಲ್ಲಿ ಹನ್ನೊಂದು ದಿನ ನನ್ನ ಹೊಟ್ಟೆಕಿಚ್ಚಿಗೆ ಹೋದವು. ವರದಿಯಲ್ಲಿ ಆ ಹನ್ನೊಂದು ದಿನಗಳ ಮಾತಿಲ್ಲ. ಹೇಳಬೇಕಾದವನು ನಾನೇ ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಗದಗ ಜಿಲ್ಲೆಯಾಗಿ ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಕಚೇರಿಗಳ ಬೋರ್ಡುಗಳ ಮೇಲೆ ಧಾರವಾಡ ಎಂಬುದಕ್ಕೆ ಬಣ್ಣ ಬಳಿದು ಗದಗ ಎಂದು ಬರೆಸಿದ್ದರು. ಬಿಸಿಲು ಓರೆಯಾಗಿ ಬಿದ್ದಾಗ ಹಳೆಯ ಅಕ್ಷರಗಳು ಕೆಳಗಿನಿಂದ ಕಾಣುತ್ತಿದ್ದವು. ನಾನು ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಕಲಿಸುತ್ತಿದ್ದೆ. ಒಂದು ದಿನ ವಿಶ್ವವಿದ್ಯಾಲಯದ ಮೂಲಕ ಸುತ್ತೋಲೆ ಬಂತು. ಕಾಲೇಜಿನವರು ಒಂದು ಸಣ್ಣ ಕಾರ್ಖಾನೆಯ ಜೊತೆ ಸೇರಿ, ಹೊಸ ಯಂತ್ರವೊಂದು ಸಾಧ್ಯವೇ, ಮಾಡಿದರೆ ನಡೆಯುತ್ತದೆಯೇ ಎಂದು ಪರೀಕ್ಷಿಸಿ ವರದಿ ಕೊಟ್ಟರೆ ಆ ಪರೀಕ್ಷೆಗೆ ಅನುದಾನ ಸಿಗುತ್ತದೆ. ಯಂತ್ರ ಮಾಡಿ ಮಾರುವುದಕ್ಕಲ್ಲ, ಮಾಡಬಹುದೋ ಇಲ್ಲವೋ ಎಂದು ತಿಳಿಯುವುದಕ್ಕೆ ಮಾತ್ರ.

ಸುತ್ತೋಲೆ ಜೇಬಿನಲ್ಲಿಟ್ಟುಕೊಂಡು ನಾನು ನೇರ ಬೆಟಗೇರಿಗೆ ಹೋದೆ. ಅಲ್ಲಿ ಒಬ್ಬರು ಮಿಸ್ತ್ರಿ ಇದ್ದರು. ತಂದೆಯ ಕಾಲದ, ಕಬ್ಬಿಣ ಕಡೆಯುವ ಒಂದು ಲೇಥ್ ಇಟ್ಟುಕೊಂಡು ಶೇಂಗಾ ಒಡೆಯುವ ಯಂತ್ರದ ಶಾಫ್ಟು, ಪಂಪಿನ ಬುಷ್ಷು ತಯಾರಿಸಿಕೊಡುತ್ತಿದ್ದರು. ಆರು ವರ್ಷದಿಂದ ನನ್ನ ವಿದ್ಯಾರ್ಥಿಗಳ ಪ್ರಾಜೆಕ್ಟುಗಳೆಲ್ಲ ಅವರ ಕೈಯಲ್ಲೇ ರೂಪ ಪಡೆಯುತ್ತಿದ್ದವು. ನನ್ನನ್ನು ಅವರು 'ಸರ' ಎನ್ನುತ್ತಿದ್ದರು. ಊರಲ್ಲಿ ಸರಗಳು ಸಾವಿರ ಇದ್ದರೂ ಬೆಟಗೇರಿಯ ಆ ಓಣಿಯಲ್ಲಿ 'ಸರ ಬಂದ್ರು' ಎಂದರೆ ನಾನೇ.

ಸುತ್ತೋಲೆಯನ್ನು ಓದಿ ಹೇಳಿದೆ. ಅವರು ಗಡ್ಡ ಕೆರೆದುಕೊಂಡು ಕೇಳಿದರು. “ಅಂದ್ರ ಸರ, ಆಗತೈತಿ ಅಂದ್ರೂ ರೊಕ್ಕ, ಆಗೂದಿಲ್ಲ ಅಂದ್ರೂ ರೊಕ್ಕ?”

“ಹೌದ್ರಿ. ಖರೆ ಹೇಳಿದ್ರ ಸಾಕು.”

“ಹಂಗಾರ ಛಲೋ ಆತು. ಕನ್ಯಾ ನೋಡಾಕ ಹೋಗಿ ಅವಲಕ್ಕಿ ತಿಂದು ಬಂದಂಗ.”

ಯಾವ ಯಂತ್ರ ಎಂಬುದು ನನ್ನ ತಲೆಯಲ್ಲಿ ಮೊದಲಿನಿಂದಲೂ ಇತ್ತು. ನನ್ನೂರು ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿ. ಸುಗ್ಗಿಯಲ್ಲಿ ನಮ್ಮವ್ವ ಒಣಮೆಣಸಿನಕಾಯಿಯ ತುಂಬು ಬಿಡಿಸಲು ಹೋಗುತ್ತಿದ್ದಳು. ತೊಟ್ಟಿಗೆ ನಮ್ಮ ಕಡೆ ತುಂಬು ಎನ್ನುತ್ತೇವೆ. ಸಂಜೆ ಮನೆಗೆ ಬಂದವಳು ಉರಿ ತಾಳದೆ ಮಜ್ಜಿಗೆಯ ಬೋಗುಣಿಯಲ್ಲಿ ಎರಡೂ ಕೈ ಅದ್ದಿ ಕೂರುತ್ತಿದ್ದಳು. ತುಂಬು ಬಿಡಿಸುವ ಯಂತ್ರ ಮಾಡಬೇಕೆಂದು ಇಂಜಿನಿಯರಿಂಗ್ ಸೇರಿದ ದಿನದಿಂದ ಅಂದುಕೊಂಡಿದ್ದೆ, ಮಾಡಿರಲಿಲ್ಲ.

ಅರ್ಜಿಯ ನಮೂನೆ ತೆರೆದಾಗ ಮೊದಲ ಪೆಟ್ಟು ಬಿತ್ತು. ಮುಖ್ಯ ಸಂಶೋಧಕರಾಗಿ ಸಹಿ ಮಾಡುವವರಿಗೆ ಡಾಕ್ಟರೇಟ್ ಇರಬೇಕು. ನನಗಿರಲಿಲ್ಲ. ವಿಭಾಗದಲ್ಲಿ ಒಬ್ಬರಿಗೇ ಇತ್ತು, ಮೂರು ತಿಂಗಳ ಹಿಂದೆ ಮೈಸೂರಿನ ಕಡೆಯಿಂದ ಬಂದ ಹೊಸ ಉಪನ್ಯಾಸಕರಿಗೆ. ನನಗಿಂತ ಒಂಬತ್ತು ವರ್ಷ ಸಣ್ಣವರು. ಪ್ರಾಚಾರ್ಯರು ಇಬ್ಬರನ್ನೂ ಕರೆದು, “ಹೆಸರು ಅವರದಿರಲಿ, ಕೆಲಸ ಇಬ್ಬರೂ ಮಾಡ್ರಿ” ಎಂದರು. ಆ ವಾಕ್ಯದ ಮೊದಲರ್ಧ ನನ್ನ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ನನ್ನ ಅವ್ವನ ಕೈ ಉರಿ, ನನ್ನ ಮಿಸ್ತ್ರಿ, ನನ್ನ ಯೋಚನೆ, ಹೆಸರು ಮಾತ್ರ ಅವರದು.

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಸಜ್ಜನ. ಅಕ್ಷರ ಮುತ್ತು ಪೋಣಿಸಿದಂತೆ. ಹುಡುಗರು ತರಗತಿ ಮುಗಿದ ಮೇಲೂ ಅವರ ಮೇಜಿನ ಸುತ್ತ ನಿಲ್ಲುತ್ತಿದ್ದರು. ನನ್ನ ತರಗತಿ ಮುಗಿದರೆ ಕೋಣೆ ಖಾಲಿ. ಇದನ್ನೆಲ್ಲ ನಾನು ನೋಡುತ್ತಿರಲಿಲ್ಲ ಎಂದುಕೊಂಡಿದ್ದೆ. ಒಂದು ದಿನ ಊಟಕ್ಕೆ ಕೂತಾಗ ನನ್ನ ಹೆಂಡತಿ ರೊಟ್ಟಿ ಹಾಕುತ್ತ ಹೇಳಿದಳು. “ಅವರ ಸುದ್ದಿ ಇವತ್ತ ಇದು ನಾಕನೇ ಸಲ. ಅವರನ್ನ ಮನಿಗೆ ಕರಕೊಂಡ ಬಂದ್ಬಿಡ್ರಿ, ನಾನೂ ನೋಡತೀನಿ.” ಆಮೇಲೆ ಮನೆಯಲ್ಲಿ ಅವರ ಹೆಸರೆತ್ತುವುದನ್ನು ಬಿಟ್ಟೆ. ಮನಸ್ಸಿನಲ್ಲಿ ಬಿಡಲಾಗಲಿಲ್ಲ.

ಅವರನ್ನು ಮೊದಲ ಸಲ ಬೆಟಗೇರಿಗೆ ಕರೆದೊಯ್ದವನು ನಾನೇ. ಮಿಸ್ತ್ರಿಯ ಕಾರ್ಖಾನೆಯಲ್ಲಿ ಬೆನ್ನಿರುವ ಕುರ್ಚಿ ಒಂದೇ ಇತ್ತು. ಆರು ವರ್ಷದಿಂದ ಅದರಲ್ಲಿ ನಾನು ಕೂರುತ್ತಿದ್ದೆ. ಅವತ್ತು ಮಿಸ್ತ್ರಿ ಅದನ್ನು ಬಟ್ಟೆಯಿಂದ ಒರೆಸಿ ಅವರ ಮುಂದಿಟ್ಟು, ನನಗೆ ಸ್ಟೂಲು ತೋರಿಸಿದರು. ಹೊಸಬರೆಂದು ಮರ್ಯಾದೆ, ಮನೆಯವನಿಗೆ ಸ್ಟೂಲು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಎದ್ದು ಹೊರಡುವಾಗ ಮಿಸ್ತ್ರಿ, “ದೊಡ್ಡ ಸರ, ಸಣ್ಣ ಸರಗ ಮಶೀನಿನ ಒಂದು ಚಿತ್ರ ಬರಕೊಡಾಕ ಹೇಳ್ರಿ” ಎಂದರು. ಅವತ್ತಿನಿಂದ ನಾನು ದೊಡ್ಡ ಸರ, ಅವರು ಸಣ್ಣ ಸರ. ಬರೀ 'ಸರ' ಆಗಿದ್ದವನಿಗೆ 'ದೊಡ್ಡ' ಸೇರಿದರೆ ಬಡ್ತಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಪಾಲು ಮಾಡಿದ ಮೇಲೆ ಹೊಲಕ್ಕೆ ಮೇಲಿನ ಹೊಲ, ಕೆಳಗಿನ ಹೊಲ ಎಂದು ಹೆಸರು ಬರುತ್ತದಲ್ಲ, ಇದು ಆ ಬಗೆಯ ಬಡ್ತಿ.

ಅನುದಾನ ಮಂಜೂರಾಯಿತು. ಮೊದಲ ಮಾದರಿ ನನ್ನದು. ತಗಡಿನ ಡ್ರಮ್ಮು, ಅದರ ಸುತ್ತ ಉದ್ದದ ಸೀಳುಗಳು. ಡ್ರಮ್ಮು ತಿರುಗುವಾಗ ತುಂಬು ಸೀಳಿನಿಂದ ಹೊರಗೆ ಚಾಚಬೇಕು, ಹೊರಗಿದ್ದ ಬ್ಲೇಡು ಅದನ್ನು ಕತ್ತರಿಸಬೇಕು. ಕಾಗದದ ಮೇಲೆ ಚೆನ್ನಾಗಿತ್ತು. ನಮ್ಮ ಕಡೆಯ ಕಾಯಿ ನೆರಿಗೆ ನೆರಿಗೆಯಾಗಿ, ಕುಡುಗೋಲಿನಂತೆ ಬಾಗಿರುತ್ತದೆ. ಕಾಯಿಯೇ ಸೀಳಿನಿಂದ ಚಾಚಿತು. ಬ್ಲೇಡು ಅದನ್ನು ನಡುವೆ ಕತ್ತರಿಸಿತು, ಬೀಜ ಹಾರಿತು, ಘಾಟು ಎದ್ದಿತು. ನಾವು ಮೂವರೂ ಕೆಮ್ಮುತ್ತ ಓಣಿಗೆ ಓಡಿದೆವು. ಎದುರು ಮನೆಯ ಮಗ್ಗದ ಸದ್ದೂ ನಿಂತುಹೋಯಿತು, ನೇಯುವವರು ಸೀನುತ್ತಿದ್ದರು. ಹೊಸಬರಿಗೆ ಧೂಳಿನ ಅಲರ್ಜಿ. ಅವರ ಕಣ್ಣು ಎರಡು ದಿನ ಕೆಂಪಗಿತ್ತು.

ಎರಡನೆಯ ಸಲ ಕಾಯಿಗೆ ನೀರು ಚಿಮುಕಿಸಿ, ಗೋಣಿಚೀಲ ಹೊಚ್ಚಿ ಹದಕ್ಕೆ ತಂದೆವು. ಹೆಂಗಸರು ಮಾಡುವುದೂ ಹಾಗೆಯೇ. ಒಣಗಿದ ಕಾಯಿ ಒಡೆಯುತ್ತದೆ, ಹದಗೊಂಡ ಕಾಯಿ ಬಾಗುತ್ತದೆ. ಈ ಸಲ ಕಾಯಿ ಒಡೆಯಲಿಲ್ಲ, ತಗಡಿಗೆ ಅಂಟಿಕೊಂಡು ಗರಗರ ಸುತ್ತಿತು. ಸೀಳಿನ ಅಗಲ ಬದಲಿಸಿದೆ, ಪುಲ್ಲಿ ಬದಲಿಸಿ ವೇಗ ಇಳಿಸಿದೆ, ಬ್ಲೇಡಿನ ಕೋನ ಬದಲಿಸಿದೆ. ಮೂರು ತಿಂಗಳು ಕಳೆದವು.

ಒಂದು ಸಂಜೆ ಹೊಸಬರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ವೃತ್ತ ಬರೆದರು. “ಸಾರ್, ನಾವ್ಯಾಕೆ ಕತ್ತರಿಸ್ಬೇಕು? ಹೆಂಗಸ್ರು ಕತ್ತರಿಸಲ್ಲ, ತಿರುಚಿ ಕೀಳ್ತಾರೆ ಅಂತ ನೀವೇ ಹೇಳಿದ್ರಲ್ವಾ. ಎರಡು ರಬ್ಬರ್ ರೋಲರ್ ಹಾಕಿ ಒಂದನ್ನ ನಿಧಾನ, ಒಂದನ್ನ ಜೋರಾಗಿ ತಿರುಗಿಸಿದ್ರೆ?”

ಮಿಸ್ತ್ರಿ ಉಕ್ಕಿನ ಕೊಳವೆಗೆ ರಬ್ಬರು ಸುತ್ತಿಸಿ ಹದಿನೈದು ದಿನದಲ್ಲಿ ರೋಲರು ಕೂಡಿಸಿದರು. ಮೊದಲ ಹಿಡಿ ಕಾಯಿ ಹಾಕಿದಾಗ ತುಂಬುಗಳು ರೋಲರಿನ ನಡುವೆ ಸಿಕ್ಕಿ ಪಟಪಟನೆ ಕೆಳಗೆ ಬಿದ್ದವು. ಎಲ್ಲವೂ ಅಲ್ಲ, ಮೂರರಲ್ಲಿ ಎರಡು. ಮಿಸ್ತ್ರಿ ಹೊಸಬರ ಬೆನ್ನು ತಟ್ಟಿ, “ಸಣ್ಣ ಸರ, ನಿಮ್ಮ ತಲಿಯೊಳಗ ಲೇಥ್ ಐತಿ” ಎಂದರು. ಆರು ವರ್ಷದಲ್ಲಿ ಅವರು ನನ್ನ ಬೆನ್ನು ತಟ್ಟಿರಲಿಲ್ಲ. ತಿರುಚಿ ಕೀಳುತ್ತಾರೆ ಎಂದು ಹೇಳಿದವನು ನಾನು ಎಂಬುದನ್ನು ಹೊಸಬರು ಎಲ್ಲರ ಮುಂದೆ ಒಪ್ಪಿಕೊಂಡೇ ಹೇಳಿದ್ದರು. ಆ ದೊಡ್ಡತನವೂ ನನಗೆ ಸೇರಲಿಲ್ಲ. ಅವತ್ತು ಸೈಕಲ್ ತುಳಿಯುತ್ತ ಮನೆಗೆ ಬರುವಾಗ ರಬ್ಬರು ಬೇಗ ಸವೆಯಲಿ ಎಂದು ಬಯಸಿದೆ, ಇದನ್ನು ಮುಚ್ಚಿಡುವುದಿಲ್ಲ.

ಯಂತ್ರ ತಿರುಗಿದರೆ ಸಾಲದು. ಅದು ಕೈಕೆಲಸಕ್ಕಿಂತ ಎಷ್ಟು ಮೇಲು ಎಂದು ತೋರಿಸಬೇಕು. ಅದಕ್ಕೆ ಒಬ್ಬ ಹೆಂಗಸು ದಿನಕ್ಕೆ ಎಷ್ಟು ಕಾಯಿ ಬಿಡಿಸುತ್ತಾಳೆ ಎಂಬ ಲೆಕ್ಕ ಬೇಕಿತ್ತು. ಹೊಸಬರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮೂರು ಕಡೆಯ ವ್ಯಾಪಾರಿಗಳನ್ನು ಕಾಣಲು ಹೊರಟರು. “ನೀವೂ ಬನ್ನಿ ಸಾರ್, ಈ ಕಡೆ ಮಾತು ನಂಗೆ ಅರ್ಧ ಅರ್ಥ ಆಗಲ್ಲ” ಎಂದು ನನ್ನನ್ನು ಎರಡು ಸಲ ಕರೆದರು.

“ಪರೀಕ್ಷಾ ಪೇಪರ್ ನೋಡೂದೈತ್ರಿ. ಮುಖ್ಯ ಸಂಶೋಧಕರು ನೀವು, ನೀವ ಹೋಗಿ ಬರ್ರಿ” ಎಂದೆ. ಪೇಪರುಗಳನ್ನು ಹಿಂದಿನ ದಿನವೇ ಮುಗಿಸಿದ್ದೆ.

ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಯಾರೂ ಅಂಥ ಲೆಕ್ಕ ಇಟ್ಟಿರಲಿಲ್ಲ. ಮುಂಡರಗಿಯ ಒಬ್ಬ ವ್ಯಾಪಾರಿಯ ಹತ್ತಿರ ಮಾತ್ರ ದಿನದ ತೂಕ ಬರೆದ ಒಂದು ವಹಿ ಸಿಕ್ಕಿತು. ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಕೆಲಸ ಮಾಡುತ್ತಿದ್ದರು, ಘಾಟಿಗೆ ಹೆದರಿ ಹೊಸಬರು ಒಳಗೆ ಹೋಗಲಿಲ್ಲ. ಅಂಗಡಿಯ ಮುಂದೆಯೇ ಕೂತು, ವಹಿಯ ಒಂದು ಪುಟವನ್ನು ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಕಲು ಮಾಡಿಸಿಕೊಂಡು ಬಂದರು.

ಇತ್ತ ಯಂತ್ರ ಒಂದು ಸ್ಥಿತಿಗೆ ಬಂದಿತ್ತು. ಗಡಿಯಾರ ಹಿಡಿದು ಐದು ಸಲ ಓಡಿಸಿದೆವು. ಚೆನ್ನಾಗಿ ಹದಗೊಂಡ ಕಾಯಿಯಾದರೆ ಗಂಟೆಗೆ ಹತ್ತು ಕಿಲೋ. ಕಾಯಿ ಹಾಕಲು ಒಬ್ಬರು ಬೇಕು, ಉಳಿದ ತುಂಬು ಕೈಯಿಂದ ಬಿಡಿಸಲು ಮತ್ತೊಬ್ಬರು ಬೇಕು. ನನಗೆ ಇದು ಕಡಿಮೆ ಅನಿಸಿತು. ಹೊಸಬರ ಮುಖ ಮಾತ್ರ ಅರಳಿತ್ತು. ಅದೇಕೆಂದು ಆಗ ನನಗೆ ಹೊಳೆಯಲಿಲ್ಲ.

ಒಂದು ಸೋಮವಾರ ಅವರು ಕರಡು ವರದಿಯನ್ನು ನನ್ನ ಮೇಜಿನ ಮೇಲಿಟ್ಟರು. “ಒಂದ್ಸಲ ಕಣ್ಣಾಡಿಸಿ ಸಾರ್. ಮುಂದಿನ ವಾರ ಕಳೆದ ಮೇಲೆ ಸಮಿತಿ ಮುಂದೆ ಮಂಡಿಸ್ಬೇಕು.” ವರದಿ ಇಂಗ್ಲಿಷಿನಲ್ಲಿತ್ತು. ಹೊದಿಕೆಯ ಮೇಲೆ ಅವರ ಹೆಸರು, ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ ನನ್ನ ಹೆಸರು, ಅದರ ಕೆಳಗೆ ಮಿಸ್ತ್ರಿಯ ಕಾರ್ಖಾನೆಯ ಹೆಸರು. ಎಲ್ಲರೂ ಮನೆಗೆ ಹೋದ ಮೇಲೆ ಓದಲು ಕೂತೆ. ಮೊಸರಿನಲ್ಲಿ ಕಲ್ಲು ಹುಡುಕುವ ಉದ್ದೇಶದಿಂದಲೇ ಕೂತಿದ್ದೆ.

ಹದಿನಾಲ್ಕನೆಯ ಪುಟದಲ್ಲಿ ಕಲ್ಲು ಸಿಕ್ಕಿತು. ಕೋಷ್ಟಕದ ತಲೆಬರಹದಲ್ಲಿ, ಒಬ್ಬ ಹೆಂಗಸು ದಿನಕ್ಕೆ ಬಿಡಿಸಿ ಚೀಲಕ್ಕೆ ತುಂಬುವ ಕಾಯಿ, ಸರಾಸರಿ ಎರಡು ಕಿಲೋ ಎಂದಿತ್ತು. ಅಂದರೆ ಯಂತ್ರದ ಒಂದು ಗಂಟೆಯ ಕೆಲಸ ಐದು ಹೆಂಗಸರ ದಿನದ ಕೆಲಸಕ್ಕೆ ಸಮ. ನನಗೆ ನಗು ಬಂತು. ನಮ್ಮವ್ವ ದಿನಕ್ಕೆ ಎರಡು ಕಿಲೋ ಬಿಡಿಸಿ ಬಂದಿದ್ದರೆ ಮಜ್ಜಿಗೆಯಲ್ಲಿ ಕೈ ಅದ್ದುವ ಪ್ರಮೇಯವೇ ಇರುತ್ತಿರಲಿಲ್ಲ. ಅನುಬಂಧ ತಿರುವಿದೆ. ಮುಂಡರಗಿಯ ವಹಿಯ ನಕಲು ಅಲ್ಲಿತ್ತು. ಎಡಕ್ಕೆ ಹೆಂಗಸರ ಹೆಸರು, ಬಲಕ್ಕೆ ತೂಕ, ತೂಕದ ಸಾಲಿನ ಮೇಲೆ ವ್ಯಾಪಾರಿಯ ಕೈಬರಹದಲ್ಲಿ ಒಂದೇ ಪದ: ತುಂಬು.

ಆ ವ್ಯಾಪಾರಿ ಕಾಯಿಯನ್ನಲ್ಲ, ಕಿತ್ತ ತುಂಬನ್ನು ತೂಗುತ್ತಿದ್ದ. ನಮ್ಮೂರಲ್ಲೂ ಕೆಲವರು ಹಾಗೇ ಮಾಡುತ್ತಿದ್ದರು. ಎರಡು ಕಿಲೋ ತುಂಬು ಬರಬೇಕಾದರೆ ಮೂವತ್ತು ಕಿಲೋದಷ್ಟು ಕಾಯಿ ಬಿಡಿಸಬೇಕು. ಮೈಸೂರಿನವರಿಗೆ ತುಂಬು ಎಂದರೆ ತುಂಬುವುದು, ಚೀಲ ತುಂಬುವುದು. ಅವರು ಅದನ್ನು ಇಂಗ್ಲಿಷಿಗೆ ಮಾಡಿದ ಮೇಲೆ ತಪ್ಪು ಪೂರ್ತಿ ಮುಚ್ಚಿಹೋಗಿತ್ತು. ಇಂಗ್ಲಿಷ್ ಬಾರದ ಮಿಸ್ತ್ರಿಗೆ ಅದು ಕಾಣುವಂತಿರಲಿಲ್ಲ, ಕನ್ನಡದ ಈ ಪದ ಗೊತ್ತಿಲ್ಲದ ಸಮಿತಿಗೂ ಬಹುಶಃ ಕಾಣುತ್ತಿರಲಿಲ್ಲ. ಕಾಣುವ ಕಣ್ಣು ಒಂದೇ ಜೋಡಿ ಇತ್ತು.

ಪೇಪರು ತಿದ್ದುವ ಕೈ, ಅದಕ್ಕೆ ಕೇಳಬೇಕೇ. ನನಗೆ ಗೊತ್ತಾಗುವ ಮೊದಲೇ ಪೆನ್ಸಿಲಿನಿಂದ ಆ ಪದದ ಸುತ್ತ ಒಂದು ಸುತ್ತು ಎಳೆದಿದ್ದೆ. ಆ ಸುತ್ತನ್ನು ನೋಡುತ್ತ ತುಂಬ ಹೊತ್ತು ಕೂತೆ. ಸಮಿತಿಯಲ್ಲಿ ನಮ್ಮ ಕಡೆಯವರು ಒಬ್ಬರು ಇದ್ದರೆ, ಎಲ್ಲರ ಮುಂದೆ, 'ಡಾಕ್ಟರೇ, ತುಂಬು ಅಂದರೇನು' ಎಂದು ಕೇಳಿದರೆ ಅವರ ಮುಖ ಹೇಗಾಗಬಹುದು ಎಂದು ಊಹಿಸಿಕೊಂಡೆ. ಎದೆಗೆ ತಂಪೆನಿಸಿತು. ಮೇಜಿನ ಡ್ರಾಯರಿನಿಂದ ರಬ್ಬರು ತೆಗೆದು ಸುತ್ತನ್ನು ಉಜ್ಜಿದೆ. ಝೆರಾಕ್ಸಿನ ಮಸಿ ರಬ್ಬರಿಗೆ ಸ್ವಲ್ಪ ಎದ್ದು ಬರುತ್ತದೆ. ಸುತ್ತಿನ ಜೊತೆ ಆ ಪದವೂ ಕೊಂಚ ಮಾಸಿತು. ಊದಿ ಧೂಳು ಹಾರಿಸಿದೆ.

ಬುಧವಾರ ಕರಡನ್ನು ಹಿಂದಿರುಗಿಸುತ್ತ, “ಛಲೋ ಬಂದೈತ್ರಿ” ಎಂದೆ. ಅವರು ಎರಡೂ ಕೈಯಿಂದ ಅದನ್ನು ತೆಗೆದುಕೊಂಡರು. “ನೀವು ನೋಡಿದ್ರಿ ಅಂದ್ರೆ ನಂಗೆ ಧೈರ್ಯ ಸಾರ್” ಎಂದರು.

ಆ ದಿನಗಳು ಹೇಗಿದ್ದವೆಂದರೆ, ನಾನು ತುಂಬ ಖುಷಿಯಾಗಿದ್ದೆ. ಸುಳ್ಳು ಹೇಳಿ ಏನು ಪ್ರಯೋಜನ. ಅವರ ಸುತ್ತ ಹುಡುಗರು ನಿಂತಿದ್ದರೆ ಮೊದಲಿನಂತೆ ಚುಚ್ಚುತ್ತಿರಲಿಲ್ಲ. ನಿಮ್ಮ ಸರ್‌ಗೆ ಮೆಣಸಿನಕಾಯಿಯ ತೊಟ್ಟು ಗೊತ್ತಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಒಮ್ಮೆ ನಾನೇ ಅವರಿಗೆ ಚಹಾ ಕುಡಿಸಿದೆ. ಹೆಂಡತಿ, “ಈಗೀಗ ನಿದ್ದಿ ಛಲೋ ಮಾಡಾಕ ಹತ್ತೀರಿ” ಎಂದಳು.

ಹತ್ತನೆಯ ದಿನ, ಬುಧವಾರ, ಸುಮ್ಮನೆ ಬೆಟಗೇರಿಗೆ ಹೋದೆ. ಮಿಸ್ತ್ರಿ ಲೇಥಿನ ಮೈಗೆ ಸೀಮೆಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಚಕ್ಕು, ಹಿಡಿಗಳು, ತಂದೆ ಕೊರೆದಿದ್ದ ಅಳತೆಯ ಗೆರೆಗಳು ಎಲ್ಲ ಫಳಫಳ ಹೊಳೆಯುತ್ತಿದ್ದವು.

“ಏನ್ರಿ ಮಿಸ್ತ್ರಿ, ಲೇಥಿಗೆ ಎಣ್ಣಿಸ್ನಾನ?”

“ಶುಕ್ರವಾರ ನಮಾಜ್ ಆದ ಮ್ಯಾಲ ಹುಬ್ಬಳ್ಳಿಯಿಂದ ಒಬ್ಬರು ಬರತಾರ ದೊಡ್ಡ ಸರ. ಒಯ್ಯತಾರ.” ಅವರು ಬಟ್ಟೆ ಹಿಂಡಿ ಮತ್ತೆ ತಿಕ್ಕಿದರು. “ಸಣ್ಣ ಜಾಗಾ. ಇದು ಹೋದ್ರನ ತಗಡ ಬಗ್ಗಸೂ ಮಶೀನ್ ಕುಂಡ್ರತೈತಿ. ತುಂಬಿನ ಮಶೀನ್ ಮಾಡಾಕ ಅದು ಬೇಕಲ್ಲ.”

“ಸಣ್ಣ ಸರ ನಿಮಗ ಮಾರಾಕ ಹೇಳಿದ್ರೇನು?”

“ಇಲ್ಲ ಇಲ್ಲ. ಸಮಿತಿ ಆಗೂತನಕ ತಡೀರಿ ಅಂದ್ರು. ನಾನ ಅವಸರ ಮಾಡೀನಿ. ಒಂದು ತಾಸಿಗೆ ಐದು ಹೆಣ್ಣಮಕ್ಕಳ ದಿನದ ಕೆಲಸ ಅಂತ ಲೆಕ್ಕ ಬಂದೈತಿ ಅಂದ ಮ್ಯಾಲ ಇನ್ನೇನು ನೋಡೂದು? ಲೆಕ್ಕ ನೀವೂ ನೋಡೀರಲ್ಲ.”

“ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಸಾಕ ಹತ್ತೀರಿ” ಎಂದೆ. ನಗೆಯಾಡಿದಂತೆ ಹೇಳಲು ನೋಡಿದೆ.

“ದೊಡ್ಡ ಸರ ನೋಡ್ಯಾರ ಅಂತ ಸಣ್ಣ ಸರ ಅಂದ್ರು. ನೀವು ನೋಡಿದ ಕೂಸು, ಹುಟ್ಟಿದಂಗ.” ಮಿಸ್ತ್ರಿ ನಗಲಿಲ್ಲ. ಅವರು ಅದನ್ನು ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದರು.

ಸ್ಟೂಲಿನ ಮೇಲೆ ಕೂತೆ. ಇಷ್ಟು ದಿನ ನನ್ನ ಲೆಕ್ಕದಲ್ಲಿ ಒಬ್ಬರ ಮುಖ ಮಾತ್ರ ಇತ್ತು, ಸಮಿತಿಯ ಮುಂದೆ ಬಾಡುವ ಹೊಸಬರ ಮುಖ. ಲೇಥ್ ಇರಲಿಲ್ಲ. ಲೇಥ್ ಹೋದರೆ ಶಾಫ್ಟು, ಬುಷ್ಷು ಹೋದವು, ಶೇಂಗಾ ಯಂತ್ರದವರು ಬೇರೆ ಮಿಸ್ತ್ರಿಯನ್ನು ಹುಡುಕಿಕೊಳ್ಳುತ್ತಾರೆ. ಬದಲಿಗೆ ಮಿಸ್ತ್ರಿ ತಯಾರಿಸುವುದು ಇಬ್ಬರನ್ನು ಕೂರಿಸಿಕೊಂಡು ಮೂವರ ಕೆಲಸ ಮಾಡುವ ಒಂದು ಯಂತ್ರ. ಅದನ್ನು ಯಾರೂ ಕೊಳ್ಳುವುದಿಲ್ಲ. ಆಗಲೇ ಬಾಯಿ ಬಿಟ್ಟು ಹೇಳಬಹುದಿತ್ತು. 'ಮಿಸ್ತ್ರಿ, ಲೆಕ್ಕ ತಪ್ಪೈತಿ.' ಹೇಳಿದರೆ ಮುಂದಿನ ಪ್ರಶ್ನೆ ಯಾವಾಗ ಗೊತ್ತಾಯಿತು ಎಂಬುದು. ಚಹಾ ಬೇಡವೆಂದು ಎದ್ದು ಬಂದೆ.

ಕಾಲೇಜಿಗೆ ಹೋಗಿ ಹೊಸಬರನ್ನು ಕಂಡೆ. “ನಾಳೆ ಮುಂಡರಗಿಗೆ ಹೋಗಿ ಬರೂಣ್ರಿ. ಒಂದ ಪುಟದ ವಹಿ ಸಾಲೂದಿಲ್ಲ, ಸಮಿತಿಯವರು ಕೇಳಿದ್ರ ಇನ್ನೊಂದು ಇರಲಿ.” ಅದು ನಾನು ಕಂಡುಕೊಂಡ ಹೇಡಿಯ ದಾರಿ. ನಾನು ಹೇಳುವುದು ಬೇಡ, ಅವರೇ ಕಂಡುಕೊಳ್ಳಲಿ. ಅವರು ತಕ್ಷಣ ಒಪ್ಪಿದರು. ನಾನು ಜೊತೆಗೆ ಬರುತ್ತೇನೆ ಎಂಬುದೇ ಅವರಿಗೆ ಸಂತೋಷ.

ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಕಪ್ಪತಗುಡ್ಡ ಕಾಣುವವರೆಗೂ ಅವರು ಮಾತಾಡುತ್ತಲೇ ಇದ್ದರು. ತಮ್ಮ ಅಲರ್ಜಿಯ ಬಗ್ಗೆ, ಮಿಸ್ತ್ರಿಯ ಕೈಯ ಬಗ್ಗೆ. “ಈ ಊರಲ್ಲಿ ನಂಗೆ ಮೊದಲು ಮಾತಾಡ್ಸಿದ್ದು ನೀವೇ ಸಾರ್” ಎಂದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಮುಂಡರಗಿಯಲ್ಲಿ ವ್ಯಾಪಾರಿ ಇರಲಿಲ್ಲ. “ಬರೂತನಕ ಒಳಗ ಕೆಲಸ ನೋಡೂಣ” ಎಂದು ಅವರನ್ನು ಶೆಡ್ಡಿಗೆ ಕರೆದೊಯ್ದೆ. ಅವರು ಕರವಸ್ತ್ರ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡರು. ಇಪ್ಪತ್ತು ಇಪ್ಪತ್ತೈದು ಹೆಂಗಸರು ಕೆಂಪು ರಾಶಿಗಳ ಸುತ್ತ ಕೂತಿದ್ದರು. ಪ್ರತಿಯೊಬ್ಬಳ ಪಕ್ಕ ಒಂದು ಎಣ್ಣೆಡಬ್ಬಿ. ಎಲ್ಲರ ಮೇಲೆ ಕಣ್ಣಿಟ್ಟಿದ್ದ ವಯಸ್ಸಾದ ಒಬ್ಬ ಹೆಂಗಸು ಗೋಣಿಚೀಲ ಹಾಸಿದಳು.

“ಕುಂಡ್ರಿ ಸರ. ನೋಡಾಕ ಬಂದವರು ಒಂದೀಟು ಬಿಡಸ್ರಿ. ಕಾಯಿ ಆ ಕಡೆ ಒಗೀರಿ, ತುಂಬು ಈ ಡಬ್ಬಿಗೆ ಹಾಕ್ರಿ.”

ಹೊಸಬರು ಡಬ್ಬಿಯೊಳಗೆ ಇಣುಕಿದರು. “ಇದಕ್ಕೆ ಏನು ತುಂಬ್ಬೇಕಮ್ಮ?”

“ತುಂಬೂದಲ್ರಿ ಯಪ್ಪಾ, ತುಂಬು.” ಆಕೆ ಒಂದು ತೊಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು ಅವರ ಮೂಗಿನ ಮುಂದೆ ತಂದಳು. “ಇದು ತುಂಬು. ನಿಮ್ಮ ಕಡೆ ಇದಕ್ಕೇನಂತಾರ?”

“ತೊಟ್ಟು” ಎಂದರು ಅವರು. ಸುತ್ತಲಿನ ಹೆಂಗಸರು ನಕ್ಕರು. ಅವರೂ ನಗಲು ಹೊರಟವರು ಅರ್ಧಕ್ಕೆ ನಿಂತರು. “ವಹೀಲಿ ತುಂಬು ಎರಡು ಕಿಲೋ ಅಂತ ಬರೆದಿರೋದು?”

“ಇದನ ರಿ. ಸಂಜೀಕ ಈ ಡಬ್ಬಿ ತೂಗಿ ಬರಕೋತಾರ.”

“ಕಾಯಿ ಯಾಕೆ ತೂಗಲ್ಲ?”

“ಕಾಯಿ ನೀರು ಕುಡೀತೈತ್ರಿ. ಯಾರು ಎಷ್ಟು ನೀರು ಹೊಡದಾರ ಯಾಂವ ನೋಡ್ಯಾನ? ತುಂಬು ಸುಳ್ಳು ಹೇಳೂದಿಲ್ಲ.”

ಅವರು ಎದ್ದು ನಿಂತರು. ಕರವಸ್ತ್ರ ಜಾರಿ ಕೊರಳಿಗೆ ಬಂದದ್ದು ಅವರಿಗೆ ತಿಳಿಯಲಿಲ್ಲ. ಆಕೆಯನ್ನು ಕೇಳಿಕೊಂಡು ಅವಳ ಡಬ್ಬಿಯನ್ನೂ ಅವಳು ಬಿಡಿಸಿದ್ದ ಕಾಯಿಯನ್ನೂ ಬೇರೆ ಬೇರೆ ತಕ್ಕಡಿಗೆ ಹಾಕಿಸಿದರು. ಮಧ್ಯಾಹ್ನದ ಹೊತ್ತಿಗೆ ತುಂಬು ಒಂದು ಕಿಲೋ, ಕಾಯಿ ಹದಿನೈದು ಕಿಲೋ. ಇನ್ನೂ ಅರ್ಧ ದಿನ ಬಾಕಿ ಇತ್ತು. ಅವರು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಇನ್ನೂ ಮೂವರ ರಾಶಿ ತೂಗಿಸಿದರು. ಎಲ್ಲವೂ ಹೆಚ್ಚು ಕಡಿಮೆ ಹಾಗೆಯೇ ಬಂದವು. ನಾನು ಬಾಗಿಲ ಹತ್ತಿರ ನಿಂತು ಚೀಲಗಳನ್ನು ಎಣಿಸುವವನಂತೆ ನಟಿಸಿದೆ. ಹತ್ತು ದಿನದಿಂದ ಕಾಯುತ್ತಿದ್ದ ಮುಖ ಎದುರಿಗೇ ಇತ್ತು. ನೋಡಲಾಗಲಿಲ್ಲ.

ವಾಪಸು ಬಸ್ಸಿನಲ್ಲಿ ಅವರು ಚೀಲದಿಂದ ಕರಡು ತೆಗೆದರು. ಕೋಷ್ಟಕದ ಮೇಲೆ ಅಡ್ಡಗೆರೆ ಎಳೆದು ಅಂಚಿನಲ್ಲಿ ಲೆಕ್ಕ ಮಾಡಿದರು. ದಿನಕ್ಕೆ ಎಂಟು ಗಂಟೆ ಯಂತ್ರ ಓಡಿದರೆ ಎಂಬತ್ತು ಕಿಲೋ. ಮೂವರು ಹೆಂಗಸರ ಕೆಲಸಕ್ಕೂ ಕಡಿಮೆ. ಯಂತ್ರಕ್ಕೇ ಇಬ್ಬರು ಬೇಕು. “ಆಗಲ್ಲ ಸಾರ್” ಎಂದರು. “ಈ ಯಂತ್ರ ಆಗಲ್ಲ.” ಆಮೇಲೆ ಅನುಬಂಧ ತಿರುವಿದರು.

ವಹಿಯ ನಕಲಿನ ಪುಟದ ಮೇಲೆ ಅವರ ಕೈ ನಿಂತಿತು. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಎಲ್ಲ ಅಕ್ಷರಗಳೂ ಕಪ್ಪಗಿದ್ದವು, ಒಂದು ಪದ ಮಾತ್ರ ಮಾಸಿತ್ತು. ಅದರ ಸುತ್ತ ಪೆನ್ಸಿಲಿನ ಮೊನೆ ಒತ್ತಿದ ಗುಂಡನೆಯ ತಗ್ಗು ಬಿಸಿಲಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಹೆಬ್ಬೆರಳಿನಿಂದ ಅದನ್ನು ಒಮ್ಮೆ ಸವರಿದರು.

“ನಿಮ್ಮೂರು ಅಡರಕಟ್ಟಿ ಅಲ್ವಾ ಸಾರ್?”

“ಹೌದ್ರಿ.”

“ಅಲ್ಲೂ ತುಂಬು ಅಂತಾನೇ ಅಂತಾರಾ?”

“ಹೌದ್ರಿ.”

ಅವರು ಕರಡು ಮಡಚಿ ಚೀಲದಲ್ಲಿಟ್ಟರು. ಗದಗದ ಬಸ್ ನಿಲ್ದಾಣದಲ್ಲಿ ಇಳಿದಾಗ ನಾನೇ ಬಾಯಿ ಬಿಟ್ಟೆ. “ಮಿಸ್ತ್ರಿ ನಾಳೆ ಲೇಥ್ ಕೊಡಾಕ ಹತ್ತ್ಯಾರ.” ಮಿಸ್ತ್ರಿ ಇಷ್ಟು ಅವಸರ ಮಾಡಿದ್ದು ಅವರಿಗೆ ಗೊತ್ತಿರಲಿಲ್ಲ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬೆಟಗೇರಿಗೆ ಆಟೋ ಕರೆದರು.

ಮಿಸ್ತ್ರಿ ಲೇಥಿನ ಮೇಲೆ ಬಟ್ಟೆ ಹೊಚ್ಚಿದ್ದರು. ಹೊಸಬರು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ, ಮುಂಡರಗಿಯಲ್ಲಿ ಕಂಡದ್ದನ್ನು, ತೂಗಿದ್ದನ್ನು, ತಾವು ಪದವನ್ನು ತಪ್ಪು ಓದಿದ್ದನ್ನು ಒಂದೊಂದಾಗಿ ಹೇಳಿದರು. ಎಲ್ಲೂ ನನ್ನ ಹೆಸರೆತ್ತಲಿಲ್ಲ. “ತಪ್ಪು ನಂದು ಮಿಸ್ತ್ರಿ. ಲೇಥ್ ಕೊಡಬೇಡಿ.”

ಮಿಸ್ತ್ರಿ ಎರಡು ತಿಂಗಳಿಂದ ಕಟ್ಟಿಕೊಂಡಿದ್ದ ಆಸೆ ಒಂದು ತೊಟ್ಟಿನಲ್ಲಿ ಮುರಿದಿತ್ತು. ಅವರು ಬಟ್ಟೆಯ ಒಂದು ತುದಿ ಎತ್ತಿ ಲೇಥಿನ ಹಿಡಿಯನ್ನು ಹಿಡಿದುಕೊಂಡರು.

“ಅಲ್ಲಾ ದೊಡ್ಡಾಂವ. ಒಂದು ದಿನ ತಡಾ ಆಗಿದ್ರ ಹೋಗಿತ್ತು ಇದು.” ಅವರು ನಮ್ಮಿಬ್ಬರನ್ನೂ ನೋಡಿದರು. “ಇದನ್ನ ಹಿಡದವರು ಯಾರ್ರಿ? ಆ ಹೆಣ್ಣಮಗಳೇನು?”

ಹೊಸಬರು ನನ್ನ ಕಡೆ ತಿರುಗದೆ, ಮೆಲ್ಲಗೆ ಹೇಳಿದರು.

“ಅಲ್ಲ ಮಿಸ್ತ್ರಿ. ಇವರು ಮೊದಲೇ ನೋಡಿದ್ರು.”

“ಹೂಂ ಮತ್ತ” ಎಂದರು ಮಿಸ್ತ್ರಿ. ಅವರ ಮುಖ ಅರಳಿತು. “ನಂಗೊತ್ತಿತ್ತು. ನಮ್ಮ ಸರ ಇರೂತನಕ ನಮಗೇನು ಆಗತೈತಿ.” ಅವರು ಹತ್ತಿರ ಬಂದು ನನ್ನ ಬೆನ್ನು ತಟ್ಟಿದರು. ಬೆನ್ನಿರುವ ಕುರ್ಚಿಯನ್ನು ಬಟ್ಟೆಯಿಂದ ಒರೆಸಿ ನನ್ನ ಹಿಂದೆ ತಂದಿಟ್ಟರು. ಓಣಿಯ ಅಂಗಡಿಯಿಂದ ಚಹಾ ತರಿಸಿ, ಮೊದಲ ಕಪ್ಪನ್ನು ನನ್ನ ಕೈಗೆ ಕೊಟ್ಟರು.

“ತಗೋರಿ ಸರ” ಎಂದರು. ದೊಡ್ಡ ಎನ್ನಲಿಲ್ಲ.

ಹೊಸಬರು ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು, ಘಾಟು ಇನ್ನೂ ಇಳಿದಿರಲಿಲ್ಲ. ನಾನು ಚಹಾ ತೆಗೆದುಕೊಂಡೆ.